ಹದಿನೆಂಟನೆಯ ಗುಣ

ಬೋರಲಿಂಗ ಎಂಬವನಲ್ಲಿ ನನ್ನ ಗಂಡ ಹದಿನೇಳನೆಯ ಗುಣವನ್ನು ಕಂಡುಹಿಡಿದ ದಿನ ನಾನು ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಅವರು ಗಮನಿಸಲೂ ಇಲ್ಲ. ಎರಡು ಸಲ ಬಡಿಸಿಕೊಂಡು ಉಂಡು, "ಅವನು ಇವತ್ತು ಏನಂದ ಗೊತ್ತೇನೇ?" ಎಂದು ಶುರುಮಾಡಿದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಏನಂದೆ ಎಂದು ಈ ಮನುಷ್ಯ ಎಲ್ಲಾದರೂ ಒಂದು ಕಡೆ ಬಾಯಿಬಿಟ್ಟು ಹೇಳಿದ್ದುಂಟೇ? ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇದ್ದದ್ದು ನಿಜ. ಅದೂ ಯಾರ ಮೇಲೆ? ಅತ್ಯಾಚಾರ ಮಾಡಿ ಜೈಲಿಗೆ ಹೋಗಿ ಬಂದ ಒಬ್ಬ ಗಂಡಸಿನ ಮೇಲೆ.

ಬೋರಲಿಂಗ ಮನೆಮನೆಗೆ ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಿಂದಿನ ಬೀದಿಯ ಪುಟ್ಟಗೌರಿಯ ಮನೆಗೆ ನುಗ್ಗಿದ. ಅವಳು ಕೌದಿ ಹೊಲಿದುಕೊಂಡು ಒಬ್ಬಳೇ ಬದುಕುತ್ತಿದ್ದ ಹೆಂಗಸು. 'ಅವಳನ್ನು ಕೆಡಿಸಿಬಿಟ್ಟ' ಎಂದು ಊರವರು ಅನ್ನುತ್ತಾರೆ. ಕೆಟ್ಟವನು ಅವನು, ಅವಳು ಹೇಗೆ ಕೆಡುತ್ತಾಳೆ ಎಂದು ನಾನು ಎಷ್ಟೋ ಜನರ ಹತ್ತಿರ ಜಗಳವಾಡಿದ್ದೇನೆ. ಆರು ವರ್ಷ ಜೈಲಾಯಿತು. ವಾಪಸು ಬಂದ.

ನಮ್ಮೂರಲ್ಲಿ ಅಂಥ ಕೆಲಸ ಮಾಡಿದವನಿಗೆ ಬಾಗಿಲು ತೆರೆಯುವುದಿಲ್ಲ. ಅವನು ತಳ್ಳಿದರೂ ತೆರೆಯದು, ಒಳಗಿದ್ದವರು ಚಿಲಕ ತೆಗೆದು ಬಾ ಎಂದರೂ ತೆರೆಯದು. ಬೋರಲಿಂಗನ ತಾಯಿ ಒಳಗಿನಿಂದ ಎಳೆದೂ ಎಳೆದೂ ಅಗುಳಿಯನ್ನೇ ಕಿತ್ತುಕೊಂಡು ಹಿಂದಕ್ಕೆ ಬಿದ್ದಳು, ಬಾಗಿಲು ಮಾತ್ರ ಅಲುಗಲಿಲ್ಲ. ಅವನು ಬೀದಿ ದಾಟುವ ತನಕ ಎಲ್ಲರ ಮನೆಯ ಬಾಗಿಲೂ ಬಿಗಿದುಕೊಂಡೇ ಇರುತ್ತದೆ. ನಮಗೆ ಅಭ್ಯಾಸವಾಗಿದೆ. ಅಂಥವರು ಹಾದುಹೋಗುವಾಗ ಹಾಲಿನವಳು ಕಿಟಕಿಯಲ್ಲೇ ಹಾಲು ಅಳೆದುಕೊಡುತ್ತಾಳೆ, ಸ್ಕೂಲಿಗೆ ಹೊರಟ ಮೇಷ್ಟರು ಬಾಗಿಲ ಒಳಗೇ ನಿಂತು ಗಡಿಯಾರ ನೋಡಿಕೊಳ್ಳುತ್ತಾರೆ. ಇದೆಲ್ಲ ತಾಪತ್ರಯ ಬೇಡವೆಂದು ಕೆರೆ ಏರಿಯ ಕೆಳಗೆ ಅವರಿಗಾಗಿಯೇ ಬಯಲುಮನೆ ಎಂದು ಒಂದನ್ನು ಕಟ್ಟಿಸಿದ್ದಾರೆ. ಗೋಡೆಯಿದೆ, ಹೆಂಚಿದೆ, ಕಾವಲುಗಾರನಿದ್ದಾನೆ, ಬಾಗಿಲಿಲ್ಲ.

ಮೊದಲೆಲ್ಲ ಬಯಲುಮನೆಗೆ ಅಲ್ಲಿದ್ದವರ ದೋಷಗಳನ್ನು ಬರೆದುಕೊಳ್ಳುವವರು ಮಾತ್ರ ಹೋಗುತ್ತಿದ್ದರು. ದಪ್ಪ ದಪ್ಪ ಪುಸ್ತಕ ತುಂಬಿಸಿದರು. ಒಂದು ಬಾಗಿಲೂ ಮಿಸುಕಲಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಅಲ್ಲೇ ಮುದುಕರಾದರು, ಕೆಲವರು ಬಾಗಿಲುಗಳಿಗೆ ಏನೂ ತಿಳಿಯದ ಬೇರೆ ಊರುಗಳಿಗೆ ಓಡಿಹೋಗಿ ಅದನ್ನೇ ಮತ್ತೆ ಮಾಡಿದರು. ಆಮೇಲೆ ಗುಣ ಬರೆಯುವ ಹುದ್ದೆ ಬಂತು, ಅದು ನಮ್ಮವರಿಗೆ, ಅಂದರೆ ಪಟ್ಟಾಭಿರಾಮಯ್ಯನವರಿಗೆ ಸಿಕ್ಕಿತು. "ಇದು ಹೊಗಳೋ ಕೆಲಸ ಅಲ್ಲ ಕಣೇ" ಎಂದು ಅವರು ನನಗೆ ನೂರು ಸಲ ಹೇಳಿದ್ದಾರೆ. "ಎಲ್ಲಿ ಜಾರ್ತಾನೆ ಅನ್ನೋದು ದೋಷದ ಪುಸ್ತಕದಲ್ಲಿದೆ. ಜಾರುವಾಗ ಏನನ್ನ ಹಿಡ್ಕೊಂಡು ನಿಲ್ಲಬಲ್ಲ ಅಂತ ಯಾರಾದ್ರೂ ನೋಡಬೇಕೋ ಬೇಡ್ವೋ?" ಅವರು ನಿಜವಾದ ಗುಣ ಒಂದನ್ನು ಬರೆದರೆ ಊರಲ್ಲಿ ಎಲ್ಲೋ ಒಂದು ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಆ ಮನುಷ್ಯ ಬಂದು ಒಮ್ಮೆ ಹೊಸ್ತಿಲು ದಾಟುವ ತನಕ ಅದು ಮುಚ್ಚುವುದಿಲ್ಲ. ಸುಳ್ಳು ಬರೆದರೆ ಏನೂ ಆಗುವುದಿಲ್ಲ. ಒಮ್ಮೆ ಉಮೇದಿನಲ್ಲಿ 'ಕರುಣಾಳು' ಎಂದು ಬರೆದು ಇಡೀ ದಿನ ಕಿವಿಗೊಟ್ಟು ಕೂತರು. ಒಂದು ಬೆಕ್ಕಿನ ಕಿಂಡಿಯೂ ತೆರೆಯಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ಅದನ್ನು ಹೊಡೆದುಹಾಕಿದರು.

ಮೊದಲು ತೆರೆದದ್ದು ಕಟಿಂಗ್ ಶಾಪಿನ ಮುನಿಯಪ್ಪನ ಬಾಗಿಲು. ಅರ್ಧ ಗಡ್ಡ ಕೆರೆದಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಅವನು ನಮ್ಮ ಮನೆಗೆ ಓಡಿಬಂದ. "ಏನ್ ಬರೆದ್ರಿ ಸಾರ್? ಬಾಗಿಲು ಹಾಕ್ಕೊಳ್ತಾನೇ ಇಲ್ಲ, ಬೀದಿ ನಾಯೆಲ್ಲ ಒಳಗೆ ಬಂದು ಮಲಗಿವೆ!"

"ತನ್ನ ಸರದಿ ಬರೋ ತನಕ ಕಾಯ್ತಾನೆ ಅಂತ ಬರೆದೆ ಮುನಿಯಪ್ಪ."

ಮುನಿಯಪ್ಪ ತಲೆ ಕೆರೆದುಕೊಂಡ. "ಹಂಗಾದ್ರೆ ಬರಲಿ ಬಿಡಿ. ಆದ್ರೆ ಭಾನುವಾರ ಬೇಡ, ರಷ್ ಇರುತ್ತೆ."

ಹೀಗೆ ಒಂದೊಂದಾಗಿ ರೇಷನ್ ಅಂಗಡಿ, ವಾಚನಾಲಯ, ಕೊನೆಗೆ ಅವನ ತಾಯಿಯ ಮನೆ. ತಾಯಿಯ ಬಾಗಿಲು ತೆರೆದ ದಿನ ನಮ್ಮವರು ಮನೆಗೆ ಬಂದು ಕಣ್ಣೊರೆಸಿಕೊಂಡರು. ನನ್ನ ತಾಯಿ ತೀರಿಹೋದಾಗ ಈ ಕಣ್ಣುಗಳು ಒಣಗಿಯೇ ಇದ್ದವು. ನಾನು ಅದನ್ನು ಮರೆತಿರಲಿಲ್ಲ.

ಹದಿನೇಳನೆಯ ಗುಣ ಸಿಕ್ಕಿದ ಬೆಳಿಗ್ಗೆ ಅವರು ಕನ್ನಡಕ ಮರೆತು ಹೋಗಿದ್ದರು. ಕೊಟ್ಟುಬರೋಣವೆಂದು ನಾನು ಬಯಲುಮನೆಗೆ ಹೋದೆ. ಬಾಗಿಲಿಲ್ಲದಿದ್ದರೇನಂತೆ, ಹೊರಗೇ ನಿಂತೆ. ಕರೆಯದೆ ಒಳಗೆ ಹೋಗುವುದು ನನ್ನ ಜಾಯಮಾನವಲ್ಲ. ಸ್ವಂತ ತಂಗಿಯ ಮನೆಯಲ್ಲೂ 'ಬಾ' ಎನ್ನುವ ತನಕ ಅಂಗಳದಲ್ಲೇ ನಿಲ್ಲುವವಳು ನಾನು. ನಮ್ಮವರು ಒಮ್ಮೆ ಕತ್ತೆತ್ತಿ ನನ್ನನ್ನು ನೋಡಿದರು, ನೋಡಿಯೂ ನೋಡಲಿಲ್ಲ. ಅರ್ಧ ಗಂಟೆ ಬಿಸಿಲಲ್ಲಿ ನಿಂತೆ.

ಬೋರಲಿಂಗ ಚಾಪೆಯ ಮೇಲೆ ಕೂತಿದ್ದ. ಬೆರಳುಗಳ ತುದಿ ಸುಟ್ಟು ಸುಟ್ಟು ಬೆಳ್ಳಗಾಗಿತ್ತು. ರಾಕ್ಷಸನ ಹಾಗೆ ಇರುತ್ತಾನೆ ಅಂದುಕೊಂಡಿದ್ದೆ, ನೋಡಿದರೆ ಕಲಾಯಿಯವನ ಹಾಗೇ ಇದ್ದ. ಅದು ನನಗೆ ಇನ್ನೂ ಹೇಸಿಗೆಯಾಯಿತು.

"ಈ ವಾರ ಆ ಯೋಚನೆ ಬಂತಾ?" ನಮ್ಮವರು ಕೇಳಿದರು.

"ಬಂತು ಸರ್."

"ಆಮೇಲೆ?"

"ಏರಿ ಮೇಲೆ ಒಬ್ಬಳು ಹೋಗ್ತಾ ಇದ್ಳು. ಒಂಟಿಯಾಗಿ. ನಾನು ಎದ್ದು ಕಾವಲಣ್ಣನ ಹತ್ರ ಹೋದೆ. ನನ್ನ ತಲೇಲಿ ಇಂಥದ್ದು ಬಂದದೆ, ಸ್ವಲ್ಪ ಹೊತ್ತು ನನ್ನ ಬಿಟ್ಟು ಹೋಗಬೇಡ ಅಂದೆ."

"ಅವನೇನಂದ?"

"ಬಾಯಿಗೆ ಬಂದಂಗೆ ಬೈದ. ಬೈಸಿಕೊಂಡು ಅಲ್ಲೇ ಕೂತೆ."

ನಮ್ಮವರ ಲೇಖನಿ ನಿಂತಿತು. ಅವರು ಅವನನ್ನೇ ನೋಡಿದರು. ಅದು ಮೆಚ್ಚುಗೆಯಲ್ಲ, ಮರುಕವೂ ಅಲ್ಲ. ಕಳೆದುಹೋದ ವಸ್ತುವನ್ನು ಮೂಲೆಮೂಲೆಯಲ್ಲಿ ತಡಕಾಡುವವನು ಅದು ಕೈಗೆ ತಗುಲಿದಾಗ ನೋಡುತ್ತಾನಲ್ಲ, ಹಾಗೆ. ಮದುವೆಯ ದಿನ ಅಂತರಪಟ ಸರಿಸಿದಾಗಲೂ ಈ ಮನುಷ್ಯ ನನ್ನನ್ನು ಹಾಗೆ ನೋಡಿರಲಿಲ್ಲ. ಕನ್ನಡಕವನ್ನು ಕಾವಲುಗಾರನ ಕೈಗೆ ಕೊಟ್ಟು ದಡದಡನೆ ಮನೆಗೆ ಬಂದು ಒಲೆ ಹಚ್ಚಿದೆ. ಆ ಸಾರೇ ಉಪ್ಪಿಲ್ಲದ ಸಾರು.

ಊಟದ ನಡುವೆ ತಡೆಯಲಾರದೆ ಕೇಳಿಯೇಬಿಟ್ಟೆ. "ಅವನಲ್ಲಿ ಹದಿನೇಳು ಸಿಕ್ಕಿದವು. ನನ್ನಲ್ಲಿ ಎಷ್ಟಿವೆ, ಹೇಳಿ ನೋಡೋಣ."

ಅವರು ನಕ್ಕರು. "ನಿನ್ನನ್ನ ಯಾಕೆ ಪರೀಕ್ಷೆ ಮಾಡಲಿ? ನಿನಗೆ ಊರಿನ ಬಾಗಿಲೆಲ್ಲ ತೆರೆದೇ ಇದೆಯಲ್ಲ."

"ಒಂದಾದ್ರೂ ಹೇಳಿ."

"ಹ್ಞಾಂ... ಬಾಯಿ ಸ್ವಲ್ಪ ಜೋರು" ಎಂದು ಕೈತೊಳೆಯಲು ಎದ್ದರು. ತಮಾಷೆಗೇ ಅಂದದ್ದು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಹಿತ್ತಲಲ್ಲೂ ಅಲ್ಲ, ನಡುಮನೆಯಲ್ಲೇ ಇದ್ದೆ, ಆದರೂ ಈ ವೈದ್ಯರ ಕಣ್ಣಿಗೆ ಬೀಳಲಿಲ್ಲ.

ಅವರು ಜಮಖಾನದ ಮೇಲೆ ಅಡ್ಡಾದರು. ಗುಣದ ಪುಸ್ತಕ ಮೇಜಿನ ಮೇಲಿತ್ತು. ಬೋರಲಿಂಗನ ಪುಟ ತೆಗೆದೆ. ಹದಿನೇಳು ಸಾಲು, ನಮ್ಮವರ ಮುದ್ದಾದ ಅಕ್ಷರದಲ್ಲಿ. ಓದುತ್ತ ಓದುತ್ತ ನನಗೆ ಒಂದು ಹುಚ್ಚು ಹತ್ತಿತು. ಈ ಪುಸ್ತಕದಲ್ಲಿ ನನ್ನದೊಂದು ಸಾಲು ಬರೆದರೆ ಬಾಗಿಲು ತೆರೆಯುತ್ತದೋ ಇಲ್ಲವೋ? ನನ್ನಲ್ಲಿ ಒಂದು ಗುಣವಾದರೂ ನಿಜವಾಗಿ ಇದೆಯೋ ಇಲ್ಲವೋ? ಗಂಡ ಹೇಳದಿದ್ದರೆ ಬಾಗಿಲಾದರೂ ಹೇಳಲಿ. ಲೇಖನಿ ತೆಗೆದುಕೊಂಡು ಹದಿನೆಂಟು ಎಂದು ಹಾಕಿ ಬರೆದೆ: 'ಕರೆಯದೆ ಯಾರ ಹೊಸ್ತಿಲನ್ನೂ ದಾಟುವುದಿಲ್ಲ.'

ಬರೆದು ಉಸಿರು ಬಿಗಿಹಿಡಿದು ಕೂತೆ. ಹಿಂದಿನ ಬೀದಿಯ ಕಡೆಯಿಂದ ಕೀಲು ಕಿರ್ರೆಂದದ್ದು ಕೇಳಿತು. ಒಂದು ಬಾಗಿಲು ಗೋಡೆಗೆ ಬಡಿಯಿತು. ಇದೆ! ನನ್ನಲ್ಲೂ ಇದೆ! ಸುಳ್ಳು ಹೇಳುವುದಿಲ್ಲ, ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷ ಎರಡು ನಿಮಿಷವೂ ಇರಲಿಲ್ಲ. ಹಿಂದಿನ ಬೀದಿಯಿಂದ ಹೆಂಗಸೊಬ್ಬಳು ಚೀರಿದಳು. ಆಗ ನನಗೆ ಹೊಳೆಯಿತು. ಬರೆದವರು ಯಾರನ್ನು ನೆನೆದು ಬರೆದರೋ ಅವರಿಗೆ ಸಾಲು ನಿಜವೋ ಸುಳ್ಳೋ ಎನ್ನುವುದಷ್ಟೇ ಬಾಗಿಲುಗಳಿಗೆ ಗೊತ್ತು, ಅದು ಪುಟದವನದ್ದೇ ಹೌದೋ ಎಂದು ಕೇಳುವ ಪ್ರಮೇಯ ಅವಕ್ಕೆ ಯಾವತ್ತೂ ಬಂದಿರಲಿಲ್ಲ. ನಾನು ಬರೆದದ್ದು ಬೋರಲಿಂಗನ ಪುಟದಲ್ಲಿ. ಆ ಗುಣ ಅವನಲ್ಲಿದ್ದರೆ ಊರಲ್ಲಿ ಯಾವ ಬಾಗಿಲು ತೆರೆದೀತು? ಮಗುವೂ ಹೇಳುತ್ತದೆ.

ನಾನು ಹೋಗುವಷ್ಟರಲ್ಲಿ ಪುಟ್ಟಗೌರಿ ತನ್ನ ಬಾಗಿಲಿಗೆ ಬೆನ್ನು ಕೊಟ್ಟು ತಳ್ಳುತ್ತಿದ್ದಳು. ಹೊಲಿಯುತ್ತಿದ್ದ ಕೌದಿ ಕಾಲಿಗೆ ಸುತ್ತಿಕೊಂಡಿತ್ತು, ಸೂಜಿ ಇನ್ನೂ ಬೆರಳಲ್ಲಿತ್ತು. ಮುನಿಯಪ್ಪ ಹಗ್ಗ ತಂದು ಎಳೆದ, ನಾಲ್ಕು ಜನ ಸೇರಿ ಎಳೆದರು. ಹಗ್ಗ ಹರಿಯಿತು. ನಮ್ಮವರು ನಿದ್ದೆಗಣ್ಣಲ್ಲೇ ಪುಸ್ತಕ ಹಿಡಿದುಕೊಂಡು ಬಂದರು.

"ಏನು ಬರೆದ್ರಿ ಅವನ ಬಗ್ಗೆ?" ಎಂದು ಪುಟ್ಟಗೌರಿ ಕೂಗಿದಳು. ಏಳು ವರ್ಷದಲ್ಲಿ ಅವಳ ಧ್ವನಿ ಬೀದಿಯಲ್ಲಿ ಕೇಳಿದ್ದು ಅದೇ ಮೊದಲು. "ನನ್ನ ಬಾಗಿಲು ತೆರೆಯೋವಂಥದ್ದು ಅವನಲ್ಲಿ ಏನು ಕಂಡ್ರಿ ಸ್ವಾಮಿ?"

ನಮ್ಮವರು ಪುಟ ತೆರೆದು ಕೊನೆಯ ಸಾಲು ನೋಡಿದರು. ಇಪ್ಪತ್ತೆರಡು ವರ್ಷ ಸಾಮಾನಿನ ಚೀಟಿ ಬರೆದುಕೊಟ್ಟ ಅಕ್ಷರ ಅವರಿಗೆ ತಿಳಿಯದೆ ಇರುತ್ತದೆಯೇ? ನನ್ನ ಕಡೆ ಒಮ್ಮೆ ನೋಡಿದರು. ಲೇಖನಿ ತೆಗೆದು ಸಾಲನ್ನು ಹೊಡೆದುಹಾಕಿದರು. ಬಾಗಿಲು ಅಲುಗಲಿಲ್ಲ.

"ಒಮ್ಮೆ ತೆರೆದ ಮೇಲೆ ಹೊಡೆದುಹಾಕಿದ್ರೆ ಆಗಲ್ಲ" ಎಂದರು ಮೆಲ್ಲಗೆ. "ಒಂದು ಅವನು ದಾಟಬೇಕು, ಇಲ್ಲ ಅವನೇ ಇದು ನನ್ನದಲ್ಲ ಅನ್ನಬೇಕು."

"ಯಾರಾದ್ರೂ ಅಂದಿದ್ದುಂಟಾ ಸಾರ್?" ಮುನಿಯಪ್ಪ ಕೇಳಿದ.

"ಇಲ್ಲ."

"ತೆರೆದ ಬಾಗಿಲನ್ನ ಯಾವನು ಬೇಡ ಅಂತಾನೆ?"

"ಕೇಳೋದಾದ್ರೆ ಅಲ್ಲೇ ಹೋಗಿ ಕೇಳಿ. ಅವನು ಈ ಬೀದಿಗೆ ಬರಕೂಡದು" ಎಂದಳು ಪುಟ್ಟಗೌರಿ. ಆಮೇಲೆ ಒಳಗೆ ಹೋಗಿ, ಹೊರಗಿನವರಿಗೆ ಕಾಣದ ಮೂಲೆಯಲ್ಲಿ ಕೂತಳು. ತೆರೆದ ಬಾಗಿಲಿಗೆ ಅಡ್ಡಲಾಗಿ ಮುನಿಯಪ್ಪನೂ ಅವನ ಹೆಂಡತಿಯೂ ಕೂತರು.

ಏರಿಯ ಮೇಲೆ ನಾವಿಬ್ಬರೇ ನಡೆದೆವು. "ಯಾಕೆ ಬರೆದೆ?" ಎಂದರು.

"ನಿಜವೋ ಸುಳ್ಳೋ ನೋಡೋಣ ಅಂತ."

"ಯಾರ ಗುಣ ಅದು?"

"ನನ್ನದು."

ಅವರು ನಿಂತುಬಿಟ್ಟರು. "ಬೆಳಿಗ್ಗೆ ಬಿಸಿಲಲ್ಲಿ ನಿಂತಿದ್ದೆ. ನೋಡಿದೆ ನಾನು. ಯಾಕೆ ನಿಂತಿದ್ದಾಳೆ ಅಂತ ಯೋಚನೆ ಮಾಡಲಿಲ್ಲ ಕಣೇ" ಎಂದರು. ಈ ಒಂದು ಮಾತಿಗೆ ನಾನು ಇಪ್ಪತ್ತೆರಡು ವರ್ಷ ಕಾದಿದ್ದೆ. ಅದು ಇಂಥ ಹೊತ್ತಿನಲ್ಲಿ ಬಂತು, ಸವಿಯುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಹೇಳದಿದ್ದರೆ ಈ ಕಥೆ ಹೇಳಿ ಪ್ರಯೋಜನವಿಲ್ಲ. ದಾರಿಯುದ್ದಕ್ಕೂ ನನ್ನೊಳಗೆ ಒಂದು ಕೆಟ್ಟ ಆಸೆ ಇತ್ತು. ಅವನು ಹಲ್ಲು ಕಿರಿಯಲಿ, 'ಹೌದು ಸರ್, ಅದು ನನ್ನದೇ' ಅನ್ನಲಿ, ಆಗ ಈ ಹದಿನೇಳು ಗುಣದ ಬಣ್ಣ ಬಯಲಾಗಲಿ, ನಮ್ಮವರಿಗೆ ಬುದ್ಧಿ ಬರಲಿ ಎಂಬ ಆಸೆ. ಹಾಗಾದರೆ ತೆರೆದ ಬಾಗಿಲಿನ ಮನೆಯಲ್ಲಿ ಪುಟ್ಟಗೌರಿ ಬದುಕಬೇಕಾಗುತ್ತದೆ ಎಂದು ಗೊತ್ತಿದ್ದೂ ಹಾಗೆ ಆಸೆಪಟ್ಟೆ. ಹೊಟ್ಟೆಕಿಚ್ಚು ಎಂದರೆ ಊರವರು ತಿಳಿದಷ್ಟು ಸಣ್ಣದಲ್ಲ.

ನಮ್ಮವರು ಬೋರಲಿಂಗನ ಎದುರು ಕೂತು ಸಾಲನ್ನು ಓದಿದರು. ಯಾರು ಬರೆದದ್ದು ಎಂದು ಹೇಳಲಿಲ್ಲ, ಹೀಗೆ ಹೇಳು ಎಂದು ಕಣ್ಣಲ್ಲೂ ಸೂಚಿಸಲಿಲ್ಲ. "ಇದು ನಿನ್ನದಾ?" ಎಂದಷ್ಟೇ ಕೇಳಿದರು.

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಯಾವ ಬಾಗಿಲು ತೆರೀತು ಸರ್?"

"ಪುಟ್ಟಗೌರಿಯದು."

ಅವನು ಒಮ್ಮೆ ಏರಿಯ ಕಡೆ ನೋಡಿದ, ಆ ನೋಟದಲ್ಲಿ ಆಸೆ ಇರಲಿಲ್ಲ ಎಂದು ನಾನು ಹೇಳಲಾರೆ. ಆಮೇಲೆ ಎದ್ದು ಹೋಗಿ ಕಾವಲುಗಾರನ ಪಕ್ಕದಲ್ಲಿ ಕೂತು, ಅಲ್ಲಿಂದಲೇ ಹೇಳಿದ.

"ನನ್ನದಲ್ಲ ಸರ್. ನನ್ನದಾಗಿದ್ರೆ ನಾನು ಇಲ್ಲಿ ಇರ್ತಿರಲಿಲ್ಲ. ಆ ಬಾಗಿಲು ನನಗೆ ಯಾವತ್ತೂ ಬೇಡ."

ಊರಿನ ಕಡೆಯಿಂದ ದಬ್ ಎಂದು ಬಾಗಿಲು ಮುಚ್ಚಿದ ಸದ್ದು ಕೆರೆ ದಾಟಿ ಬಂತು. ನಮ್ಮವರು ಪುಸ್ತಕ ತೆರೆದು ಹೊಸ ಸಾಲು ಬರೆದರು: 'ಇಲ್ಲದ ಗುಣವನ್ನು ತನ್ನದೆಂದು ಒಪ್ಪಿಕೊಳ್ಳುವುದಿಲ್ಲ.' ಅದಕ್ಕೆ ತೆರೆದದ್ದು ಯಾರ ಬಾಗಿಲು ಎಂದುಕೊಂಡಿರಿ? ನಮ್ಮದೇ. ನನ್ನ ಮನೆಯದೇ. ನಾನು ಕದ್ದು ಬರೆದ ಸಾಲಿನಿಂದ ನನ್ನ ಗುಣ ಅಳಿಸಿಹೋಯಿತು, ಅವನದು ಒಂದು ಹೆಚ್ಚಾಯಿತು. ಮುಂದಿನ ಸೋಮವಾರ ಅವನು ಬಂದು ನಮ್ಮ ಹೊಸ್ತಿಲು ದಾಟಿ, ನಡುಮನೆಯಲ್ಲಿ ಒಂದು ಲೋಟ ನೀರು ಕುಡಿದು ಹೋದ. ನೀರು ಕೊಟ್ಟವಳು ನಾನಲ್ಲ.

ಅದಕ್ಕೆ ಮೊದಲು, ಬಾಗಿಲು ಮುಚ್ಚಿದ ಆ ದಿನವೇ, ಬಯಲುಮನೆಯಿಂದ ನಾನು ನೇರ ಪುಟ್ಟಗೌರಿಯ ಮನೆಗೆ ಹೋದೆ. ಬಾಗಿಲು ಭದ್ರವಾಗಿ ಮುಚ್ಚಿತ್ತು, ಒಳಗಿನಿಂದ ಅಗುಳಿ ಬಿದ್ದಿತ್ತು. ಮುನಿಯಪ್ಪನೂ ಹೆಂಡತಿಯೂ ಎದ್ದು ಹೋಗಿದ್ದರು. ಜಗಲಿಯ ಕೆಳಗೆ ನಿಂತು, "ಗೌರೀ, ಆ ಸಾಲು ಬರೆದದ್ದು ನಾನು" ಎಂದೆ. ಯಾಕೆ ಬರೆದೆ, ಯಾರ ಗುಣ, ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

ಬಾಗಿಲ ಹಿಂದಿನಿಂದ ಮಾತು ಬಂತು. "ಅಂಬುಜಕ್ಕ, ನಿಮಗೆ ಅವನ ಮೇಲೆ ಹೊಟ್ಟೆ ಉರೀತಾ?"

"ಉರೀತು."

"ನನಗೆ ಎಷ್ಟು ಉರೀಬೇಕು ಹೇಳಿ. ದಿನಾ ಒಬ್ಬರು ಪುಸ್ತಕ ಹಿಡ್ಕೊಂಡು ಅವನ ಹತ್ರ ಹೋಗ್ತಾರೆ. ಹೋಗಲಿ, ಬೇಡ ಅನ್ನಲ್ಲ. ಅವನು ಇನ್ನೊಬ್ಬಳ ಮನೆಗೆ ನುಗ್ಗದೆ ಇರೋದಕ್ಕೆ ಅದು ಬೇಕಾದ್ರೆ ಇರಲಿ. ಆದ್ರೆ ಈ ಬೀದಿಗೆ ಯಾರು ಬಂದ್ರು ಅಕ್ಕ? ನಿಮಗಾದ್ರೂ ಒಂದು ಸಾಲು ಸಿಕ್ತು, ಕದ್ದಾದ್ರೂ. ನನಗೆ ಈಗ ನಿಮ್ಮ ಮೇಲೂ ಹೊಟ್ಟೆ ಉರೀತಿದೆ."

ಊರಿನ ಹೊಟ್ಟೆಕಿಚ್ಚೆಲ್ಲ ನನ್ನೊಬ್ಬಳದೇ ಎಂದು ಇಷ್ಟು ದಿನ ಮೆರೆದಿದ್ದೆ. ಕೊನೆಗೆ, "ಹೇಳು ಗೌರೀ, ನಾನು ಬರೀತೀನಿ" ಎಂದೆ. ಕಾಗದವಿರಲಿಲ್ಲ. ಜಗಲಿಯ ಮೇಲೆ ಅವಳು ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ಬಿದ್ದಿತ್ತು. ಅವಳ ಬಾಗಿಲ ಹೊರಮೈಮೇಲೆಯೇ ಬರೆಯಲು ಕೈಯಿಟ್ಟೆ.

"ಏನಂತ ಬರೀಲಿ?"

"ಬೇಡ ಅಂತ ಹೇಳಿದ್ದಳು. ಮೂರು ಸಲ ಹೇಳಿದ್ದಳು. ಅಂತ ಬರೀರಿ." ಅವಳ ಧ್ವನಿ ಬಾಗಿಲಿಗೆ ಬಾಯಿ ಒತ್ತಿದ ಹಾಗೆ ಹತ್ತಿರವಾಯಿತು. "ಕೋರ್ಟಲ್ಲಿ ಯಾಕೆ ಕೂಗಲಿಲ್ಲ ಅಂತ ಕೇಳಿದ್ರು, ಅದನ್ನ ಬರ್ಕೊಂಡ್ರು. ನಾನು ಅವನ ಮುಖ ನೋಡಿ, ಕೈಯಲ್ಲಿ ಕತ್ತರಿ ಹಿಡ್ಕೊಂಡು, ಬೇಡ ಅಂದಿದ್ದೆ ಅಕ್ಕ. ಅದನ್ನ ಒಬ್ಬರೂ ಬರ್ಕೊಳ್ಳಲಿಲ್ಲ."

ಬರೆದೆ. ದೊಡ್ಡ ಅಕ್ಷರದಲ್ಲಿ ಬರೆದೆ. ನನ್ನ ಸಾಲಿಗಿಂತ ಅದು ಎಷ್ಟೋ ದೊಡ್ಡದು ಎಂದು ಆ ಹೊತ್ತಿನಲ್ಲೂ ಒಂದು ಕಿಡಿ ಚುರುಕ್ ಎಂದಿತು, ಮುಚ್ಚಿಡುವುದಿಲ್ಲ.

"ಓದಿ" ಎಂದಳು.

ಓದಿದೆ. ಮುನಿಯಪ್ಪನ ಹೆಂಡತಿ ತನ್ನ ಬಾಗಿಲಿಗೆ ಬಂದಳು.

"ಇನ್ನೊಂದ್ಸಲ."

ಜೋರಾಗಿ ಓದಿದೆ. ಎದುರು ಮನೆಯವರು ಬಂದರು, ಮೂಲೆಮನೆಯವರು ಬಂದರು. ನಮ್ಮವರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬೀದಿಯ ತುದಿಯಲ್ಲಿ ನಿಂತಿದ್ದರು.

"ಇನ್ನೊಂದ್ಸಲ ಓದಿ ಅಕ್ಕ."

ನನ್ನ ಬಾಯಿ ಜೋರು. ಇಡೀ ಬೀದಿಗೆ ಕೇಳುವ ಹಾಗೆ ಮೂರನೆಯ ಸಲ ಓದಿದೆ. ಒಳಗೆ ಪುಟ್ಟಗೌರಿ ಅಳತೊಡಗಿದಳು.